ಆಟದ ಕೂಲಿ: ತಕ್ಕಡಿ ಯಾರ ಕೈಯಲ್ಲಿ?

ಹೋದ ವಾರ ಮಂಡ್ಯದ ನಮ್ಮ ಕಚೇರಿಗೆ ಸಕ್ಕರೆ ಕಾರ್ಖಾನೆಯ ಹಳೆಯ ಕಾರ್ಮಿಕರೊಬ್ಬರು ಬಂದರು. ಚಂದಾ ಹಣ ಕೊಟ್ಟು ಹೊರಟವರು ಬಾಗಿಲ ಬಳಿ ನಿಂತು, "ಅಣ್ಣಾ, ಒಂದ್ ಮಾತು ಕೇಳ್ಬೇಕಿತ್ತು. ನಮ್ಮ ಹೈದ ಡಿಗ್ರಿ ಎರಡನೇ ವರ್ಷ ಓದ್ತಾವ್ನೆ. ರಾತ್ರಿಯೆಲ್ಲ ಫೋನ್‌ನಲ್ಲಿ ಬಂದೂಕದ ಆಟ ಆಡ್ಕೊಂಡು ಯಾರ್ ಜೊತೇಲೋ ಮಾತಾಡ್ತಾನೆ. ಕೇಳಿದ್ರೆ ಇದೇ ಕೆಲ್ಸ, ಮುಂದೆ ದುಡ್ಡು ಬತ್ತದೆ ಅಂತಾನೆ. ಆಟ ಆಡಿದ್ರೆ ಯಾರಾದ್ರೂ ಕೂಲಿ ಕೊಟ್ಟಾರಾ?" ಎಂದು ಕೇಳಿದರು.

ಇದೇ ಪ್ರಶ್ನೆಯನ್ನು ಮದ್ದೂರಿನ ಎಳನೀರು ಮಾರುಕಟ್ಟೆಯ ವ್ಯಾಪಾರಿಗಳೊಬ್ಬರು ನಮ್ಮನ್ನು ಕೇಳಿದ್ದುಂಟು. ಮಳವಳ್ಳಿಯ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಯ ತಾಯಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದೂ ಉಂಟು. ಆದುದರಿಂದ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಕೊಡುವುದು ಉಚಿತವೆಂದು ನಮಗೆ ತೋರಿದೆ.

ಮೊದಲು ಈ ಕೆಲಸ ಏನೆಂಬುದನ್ನು ತಿಳಿಯೋಣ. ಹುಡುಗನು ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ವಿಡಿಯೋ ಗೇಮ್ ಆಡುತ್ತಾನೆ. ಆಡುತ್ತಿರುವಾಗಲೇ ಅದು ಯೂಟ್ಯೂಬ್‌ನಂಥ ಕಂಪನಿಯ ಜಾಲದ ಮೂಲಕ ನೇರಪ್ರಸಾರವಾಗುತ್ತದೆ. ಅವನು ಆಡುತ್ತಾ ಮಾತಾಡುತ್ತಾನೆ, ನಗಿಸುತ್ತಾನೆ, ನೋಡುವವರು ಬರೆದು ಕಳಿಸುವ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರಿಸುತ್ತಾನೆ. ಇಂಥವನನ್ನು ಸ್ಟ್ರೀಮರ್ ಎನ್ನುತ್ತಾರೆ. ಜನ ನೋಡಲು ಬರುವುದು ಬರಿಯ ಆಟವನ್ನಲ್ಲ, ಅವನ ಮಾತನ್ನು, ಅವನ ಸಹವಾಸವನ್ನು. ಹಿಂದೆ ನಾಟಕ ಕಂಪನಿಗಳು ಊರಿಗೆ ಬಂದು ಡೇರೆ ಹಾಕಿದಾಗ ಒಬ್ಬ ಹಾಸ್ಯನಟನ ಸಲುವಾಗಿಯೇ ಜನ ದಿನವೂ ಟಿಕೇಟು ಕೊಳ್ಳುತ್ತಿರಲಿಲ್ಲವೆ? ಆ ನಟನು ದುಡಿಯುತ್ತಿದ್ದನೆಂದು ಒಪ್ಪುವ ನಾವು ಈ ಹುಡುಗನೂ ದುಡಿಯುತ್ತಿದ್ದಾನೆಂದು ಒಪ್ಪಲೇಬೇಕು. ದಿನಕ್ಕೆ ಐದಾರು ಗಂಟೆ ಬಾಯಿಗೆ ಬಿಡುವಿಲ್ಲದೆ ಅಪರಿಚಿತರನ್ನು ರಂಜಿಸುವುದು ಆಟವಲ್ಲ. ಹಬ್ಬದ ದಿನ, ಜ್ವರ ಬಂದ ದಿನ ಪ್ರಸಾರ ನಿಲ್ಲಿಸಿದರೆ ನೋಡುವವರು ಬೇರೆಯವನ ಕಡೆ ಹೋಗುತ್ತಾರೆ. ಅದು ರಾತ್ರಿ ಪಾಳಿಯ ಕೆಲಸ. ಆ ಪಾಳಿಗೆ ಹಾಜರಿ ಪುಸ್ತಕವಿಲ್ಲ, ಅಷ್ಟೆ.

ಕೂಲಿ ಬರುತ್ತದೆಯೆ? ಬರುತ್ತದೆ. ಅದು ಬರುವ ದಾರಿಗಳು ಹೀಗಿವೆ. ಪ್ರಸಾರದ ನಡುವೆ ಕಂಪನಿ ಜಾಹೀರಾತು ತೋರಿಸುತ್ತದೆ. ಯೂಟ್ಯೂಬ್‌ನಲ್ಲಿ ಆ ಹಣದಲ್ಲಿ ನೂರಕ್ಕೆ 55 ಹುಡುಗನಿಗೆ, 45 ಕಂಪನಿಗೆ. ನೋಡುವವರು ಮೆಚ್ಚಿ ಕಳಿಸುವ ಕಾಸಿಗೆ ಸೂಪರ್ ಚಾಟ್ ಎಂದು ಹೆಸರು. ಅದರಲ್ಲಿ ಹುಡುಗನಿಗೆ 70, ಕಂಪನಿಗೆ 30. ಅಮೆರಿಕದ ಟ್ವಿಚ್ ಎಂಬ ಜಾಲದಲ್ಲಿ ತಿಂಗಳ ಚಂದಾ ಹಣದ ಅರ್ಧವನ್ನು ಸಾಮಾನ್ಯವಾಗಿ ಕಂಪನಿಯೇ ಇಟ್ಟುಕೊಳ್ಳುತ್ತ ಬಂದಿದೆ. ಆ ಟ್ವಿಚ್ 2014ರಿಂದ ಅಮೆಜಾನ್ ಕಂಪನಿಯ ಸ್ವತ್ತು. ಇವಲ್ಲದೆ ಫೋನು, ಹೆಡ್‌ಫೋನು, ತಂಪು ಪಾನೀಯ ಮಾರುವ ಕಂಪನಿಗಳು ಹೆಸರಾದ ಸ್ಟ್ರೀಮರ್‌ಗಳಿಗೆ ಹಣ ಕೊಟ್ಟು ತಮ್ಮ ಸರಕನ್ನು ಹೊಗಳಿಸುತ್ತವೆ. ದೊಡ್ಡ ಸಂಪಾದನೆಯೆಲ್ಲ ಬಹುಮಟ್ಟಿಗೆ ಈ ಕೊನೆಯ ದಾರಿಯಿಂದಲೇ.

ಆದರೆ ಜಾಹೀರಾತಿನ ಪಾಲು ಸಿಗುವ ಮೊದಲೇ ಒಂದು ಹೊಸ್ತಿಲು ದಾಟಬೇಕು. 1000 ಮಂದಿ ಸಬ್‌ಸ್ಕ್ರೈಬರ್‌ಗಳಿರಬೇಕು. ಕಳೆದ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ಅವನ ವಿಡಿಯೋ ನೋಡಿರಬೇಕು. ಚಿಕ್ಕ ಚಿಕ್ಕ ತುಣುಕುಗಳನ್ನು ಹಾಕಿ ದಾಟುವ ಇನ್ನೊಂದು ದಾರಿ ಇದೆ. ಅದಕ್ಕೆ 90 ದಿನದಲ್ಲಿ ಒಂದು ಕೋಟಿ ನೋಟ ಬೇಕು. ಲೆಕ್ಕ ಹಾಕಿ ನೋಡಿ. ಹುಡುಗನು ದಿನಕ್ಕೆ 3 ಗಂಟೆ ಆಡಿದರೆ, ಆ ಹೊತ್ತೆಲ್ಲ ಇಪ್ಪತ್ತು ಜನ ಕೂತು ನೋಡಿದರೆ, ಸುಮಾರು 67 ರಾತ್ರಿಯಲ್ಲಿ 4000 ಗಂಟೆ ತುಂಬುತ್ತದೆ. ಆದರೆ ಹೊಸಬನಿಗೆ ಇಪ್ಪತ್ತು ಜನ ಎಲ್ಲಿಂದ ಬರಬೇಕು? ಇಬ್ಬರೇ ಗೆಳೆಯರು ನೋಡುತ್ತಿದ್ದರೆ ವರ್ಷದ 365 ರಾತ್ರಿ ತಪ್ಪದೆ ದುಡಿದರೂ ಆಗುವುದು 2190 ಗಂಟೆ. ಹನ್ನೆರಡು ತಿಂಗಳು ಕಳೆದಂತೆ ಹಳೆಯ ಗಂಟೆಗಳು ಲೆಕ್ಕದಿಂದ ಜಾರಿ ಹೋಗುತ್ತವೆ. ಅಂದರೆ ಅವನು ಎಷ್ಟು ವರ್ಷ ಹಾಗೆಯೇ ಆಡಿದರೂ ಹೊಸ್ತಿಲು ದಾಟುವುದೇ ಇಲ್ಲ. ದಾಟಿದ ಮೇಲೂ ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಕೈಗೆ ಬರುವುದಿಲ್ಲ. ಇಷ್ಟರಲ್ಲಿ ಅವನ ಪ್ರಸಾರದಿಂದ ಕಂಪನಿಗೆ ನಷ್ಟವೇನೂ ಇಲ್ಲ. ಫೋನು ಅವನದು, ಕರೆಂಟು ಅವನ ಅಪ್ಪನದು, ನಿದ್ದೆಗೆಟ್ಟ ಕಣ್ಣು ಅವನದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ತೂಕದ ಮನೆ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಗಾಡಿಯನ್ನು ಕಾರ್ಖಾನೆಯ ಸೇತುವೆಯ ಮೇಲೆ ನಿಲ್ಲಿಸಿ, ಕಾರ್ಖಾನೆಯ ಮುಳ್ಳು ತೋರಿಸಿದ ತೂಕವನ್ನು ಒಪ್ಪಿ ಚೀಟಿ ಪಡೆದು ಬರುವಾಗ ರೈತನ ಹೊಟ್ಟೆಯಲ್ಲಿ ಏಳುವ ಅನುಮಾನವನ್ನು ನಾವೆಲ್ಲ ಬಲ್ಲೆವು. ಸ್ಟ್ರೀಮರ್‌ನ ಪಾಡು ಅದಕ್ಕಿಂತಲೂ ಕಷ್ಟದ್ದು. ಎಷ್ಟು ಜನ ನೋಡಿದರೆಂದು ಎಣಿಸುವುದು ಕಂಪನಿ. ಆ ನೋಟಕ್ಕೆ ಈ ತಿಂಗಳು ಎಷ್ಟು ಬೆಲೆ ಎಂದು ಹೇಳುವುದು ಕಂಪನಿ. ಯಾರ ಪ್ರಸಾರವನ್ನು ಜನರ ಮುಂದೆ ಇಡಬೇಕು, ಯಾರದ್ದನ್ನು ಹಿಂದೆ ತಳ್ಳಬೇಕು ಎಂದು ತೀರ್ಮಾನಿಸುವುದು ಕಂಪನಿಯ ಯಂತ್ರ. ಯಾವ ವಿಡಿಯೋಗೆ ಜಾಹೀರಾತು ಇಲ್ಲ ಎಂದು ತಿರಸ್ಕರಿಸುವುದೂ ಅದೇ. ತಕ್ಕಡಿಯೂ ಅವರದೇ, ದರವೂ ಅವರದೇ, ಬಾಗಿಲೂ ಅವರದೇ.

ಕಬ್ಬು ಬೆಳೆಗಾರನಿಗಾದರೂ ಹೋರಾಟದಿಂದ ಬಂದ ಒಂದಿಷ್ಟು ಕಾನೂನಿದೆ. ಪ್ರತಿ ವರ್ಷ ಕೇಂದ್ರ ಸರ್ಕಾರ ಕನಿಷ್ಠ ದರ ಸಾರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ ತೆರಬೇಕು. ಅದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಜಗಳ ಬೇರೆ. ಆದರೆ ಜಗಳವಾಡಲು ಕೈಯಲ್ಲಿ ಒಂದು ಕಾಗದವಿದೆ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೂ, ಮಾಲೀಕ ಮನಬಂದಷ್ಟು ಬೀಡಿಯನ್ನು ಕಳಪೆ ಎಂದು ತಳ್ಳಬಾರದೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆಯ ಅಡಿಯಲ್ಲಿ ಮಿತಿ ಬಂದಿತು. ಮನೆಯಲ್ಲಿ ಕೂತು ಆಟ ಪ್ರಸಾರ ಮಾಡುವವನ ಕೈಯಲ್ಲಿ ಏನಿದೆ? ಇಂಗ್ಲಿಷಿನ ಉದ್ದನೆಯ ಷರತ್ತುಗಳು, ಅವುಗಳ ಕೆಳಗೆ ಒಪ್ಪಿದೆ ಎಂದು ಅವನು ಒತ್ತಿದ ಗುಂಡಿ.

"ಹಾಗಾದರೆ ದೊಡ್ಡ ದೊಡ್ಡವರು ಹೇಗೆ ಸಂಪಾದಿಸಿದರು?" ಎಂದು ಹುಡುಗರು ಕೇಳುತ್ತಾರೆ. ಅವರ ಬಾಯಲ್ಲಿ ಹೆಸರುಗಳು ಸಿದ್ಧವಾಗಿರುತ್ತವೆ. 2024ರ ಏಪ್ರಿಲ್‌ನಲ್ಲಿ ಪ್ರಧಾನಮಂತ್ರಿಗಳು ದಿಲ್ಲಿಯಲ್ಲಿ ಏಳು ಮಂದಿ ಗೇಮರ್‌ಗಳನ್ನು ಕರೆಸಿ ಮಾತಾಡಿದ್ದನ್ನು ದೇಶವೆಲ್ಲ ನೋಡಿತು. ಮುಂಬಯಿಯ ನಮನ್ ಮಾಥುರ್ ಅಲ್ಲಿದ್ದರು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಿಂದ ಬಂದ ಪಾಯಲ್ ಧಾರೆ ಇದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿ ನಡೆದ ಇ-ಸ್ಪೋರ್ಟ್ಸ್‌ನಲ್ಲಿ ಕಂಚು ಗೆದ್ದ ಗುಜರಾತಿನ ತೀರ್ಥ್ ಮೆಹ್ತಾ ಇದ್ದರು. ಚಿಕ್ಕ ಊರಿನ ಹೆಣ್ಣುಮಗಳು ಗಂಡಸರ ಕೂಟವೆನಿಸಿಕೊಂಡ ಈ ಲೋಕದಲ್ಲಿ ಹೆಸರು ಮಾಡಿದ್ದು ನಮಗೂ ಸಂತೋಷದ ವಿಷಯವೇ. ಅವರ ಶ್ರಮವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಏಳು ಜನ ಕೂತ ಮೇಜನ್ನು ತೋರಿಸಿ ಲಕ್ಷಾಂತರ ಜನರ ಕೂಲಿ ಲೆಕ್ಕವನ್ನು ಮರೆಮಾಡಬಾರದು.

ಆ ಲೆಕ್ಕ ಒಂದು ಸಲ ಬೀದಿಗೆ ಬಿದ್ದಿತ್ತು. 2021ರ ಅಕ್ಟೋಬರ್‌ನಲ್ಲಿ ಟ್ವಿಚ್ ಕಂಪನಿಯ ಗುಟ್ಟಿನ ಕಡತಗಳು ಸೋರಿಕೆಯಾಗಿ, ಯಾರಿಗೆ ಎಷ್ಟು ಹಣ ಸಂದಿದೆ ಎಂಬುದು ಜಗತ್ತಿಗೆ ಗೊತ್ತಾಯಿತು. ಒಟ್ಟು ಸಂದಾಯದ ಅರ್ಧಕ್ಕಿಂತ ಹೆಚ್ಚು ಭಾಗ ನೂರರಲ್ಲಿ ಒಬ್ಬರ ಪಾಲಾಗಿತ್ತೆಂದು ಪತ್ರಿಕೆಗಳು ಬರೆದವು. ಉಳಿದ ತೊಂಬತ್ತೊಂಬತ್ತು ಮಂದಿ ಮಿಕ್ಕದ್ದನ್ನು ಹಂಚಿಕೊಳ್ಳಬೇಕು. ಲಾಟರಿ ಗೆದ್ದವನ ಫೋಟೋವನ್ನು ಅಂಗಡಿಯ ಮುಂದೆ ಕಟ್ಟುವುದು ಟಿಕೇಟು ಮಾರುವವನ ಹಳೆಯ ಪದ್ಧತಿ.

ಇನ್ನು ಬಾಗಿಲ ಮಾತು. ಗಿರಣಿಗೆ ಬೀಗ ಬಿದ್ದರೆ ಕಾರ್ಮಿಕನ ಮನೆಯಲ್ಲಿ ಏನಾಗುತ್ತದೆಂದು ಮೈಷುಗರ್ ಕಾರ್ಖಾನೆ ನಿಂತು ನಡೆದ ವರ್ಷಗಳನ್ನು ಕಂಡ ಮಂಡ್ಯದವರಿಗೆ ಗೊತ್ತು. ಈ ಲೋಕದಲ್ಲಿ ಬೀಗ ಒಂದೇ ರಾತ್ರಿಯಲ್ಲಿ ಬೀಳುತ್ತದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಿತು. 2022ರ ಫೆಬ್ರವರಿಯಲ್ಲಿ, ಕಡಿಮೆ ಬೆಲೆಯ ಫೋನಿನಲ್ಲಿಯೂ ಆಡಬಹುದೆಂದು ಹಳ್ಳಿಯ ಹುಡುಗರು ಹಚ್ಚಿಕೊಂಡಿದ್ದ ಫ್ರೀ ಫೈರ್ ನಿಷೇಧವಾಯಿತು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಮಾಯವಾಗಿ, 2023ರ ಮೇ ತಿಂಗಳಲ್ಲಿ ತಿರುಗಿ ಬಂದಿತು. ದೇಶದ ಭದ್ರತೆಯ ಕಾರಣ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಆ ಹತ್ತು ತಿಂಗಳು ಆ ಒಂದೇ ಆಟವನ್ನು ನಂಬಿದವರ ಅನ್ನದ ಲೆಕ್ಕವನ್ನು ಯಾರು ಬರೆದರು ಎಂದಷ್ಟೇ ಕೇಳುತ್ತೇವೆ. ಕಂಪನಿಗಳೂ ಹಾಗೆಯೇ. ಮೈಕ್ರೋಸಾಫ್ಟ್ ತನ್ನ ಮಿಕ್ಸರ್ ಎಂಬ ಜಾಲಕ್ಕೆ ದೊಡ್ಡ ದೊಡ್ಡ ಸ್ಟ್ರೀಮರ್‌ಗಳನ್ನು ಹಣ ಸುರಿದು ಕರೆತಂದಿತು. ಲಾಭ ಕಾಣದೆ 2020ರ ಜುಲೈನಲ್ಲಿ ಅದನ್ನೇ ಮುಚ್ಚಿತು. ಟ್ವಿಚ್ 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾ ದೇಶದಿಂದಲೇ ಗಂಟುಮೂಟೆ ಕಟ್ಟಿತು. ದೊಡ್ಡವರು ಬೇರೆ ಜಾಲಕ್ಕೆ ಹೋಗಬಲ್ಲರು. ಸಣ್ಣವನು ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳನ್ನು ಅಲ್ಲಿಯೇ ಬಿಟ್ಟು ಬರಬೇಕು.

ಇದೆಲ್ಲದರ ನಡುವೆ ಇನ್ನೊಂದು ಕೆಟ್ಟ ಹಾದಿ ತೆರೆದಿತ್ತು. ಹಣ ಕಟ್ಟಿ ಆಡುವ ಆಟಗಳ ಕಂಪನಿಗಳು ಸ್ಟ್ರೀಮರ್‌ಗಳಿಗೆ ಕೈತುಂಬ ಹಣ ಕೊಟ್ಟು ಜೂಜಿಗೆ ಜನ ಸೇರಿಸಿದವು. ಇದನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಅಂಥ ಆಟಗಳ ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ಎಂದು ಆ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ಜೂಜು ಬೇರೆ ಎಂದು ವಿಂಗಡಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಸಂಬಳದ ದಿನವೇ ಸಂಬಳ ಕಳೆದುಕೊಂಡ ಕಾರ್ಮಿಕರ ಮನೆಗಳನ್ನು ನೋಡಿದ ನಮಗೆ ಜೂಜಿನ ಕಂಪನಿಗಳ ಬಗ್ಗೆ ಕನಿಕರವಿಲ್ಲ. ಆದರೆ ಆಟ ಯಾವುದು ಜೂಜು ಯಾವುದು ಎಂದು ತೀರ್ಮಾನವಾದ ಮಾತ್ರಕ್ಕೆ ಆಟ ತೋರಿಸಿ ದುಡಿಯುವವನ ಕೂಲಿಯ ಪ್ರಶ್ನೆ ತೀರಿತೆಂದಲ್ಲ.

ಇಲ್ಲಿ ಕೆಲವರು, "ಅವನು ಯಾರ ಆಳೂ ಅಲ್ಲ, ಸ್ವತಂತ್ರ ವ್ಯಾಪಾರಿ" ಎನ್ನುತ್ತಾರೆ. ನಮ್ಮ ಓದುಗರಲ್ಲಿ ವ್ಯಾಪಾರಿಗಳು ಬಹಳ ಮಂದಿ ಇದ್ದಾರೆ. ಅವರೇ ತೀರ್ಪು ಹೇಳಲಿ. ಮದ್ದೂರು ಪೇಟೆಯ ಚಿಲ್ಲರೆ ಅಂಗಡಿಯವರು ಬೇಳೆಯ ದರವನ್ನು ತಾವೇ ಹೇಳುತ್ತಾರೆ, ತಮ್ಮ ತಕ್ಕಡಿಯಲ್ಲಿ ತಾವೇ ತೂಗುತ್ತಾರೆ, ಗಿರಾಕಿಯ ಮುಖವನ್ನು ಬಲ್ಲರು. ಅಂಗಡಿಯ ದರವನ್ನೂ ತೂಕವನ್ನೂ ಕಟ್ಟಡದ ಮಾಲೀಕನೇ ನಿರ್ಧರಿಸಿ, ಗಲ್ಲಾ ಪೆಟ್ಟಿಗೆಯನ್ನೂ ತಾನೇ ಇಟ್ಟುಕೊಂಡು, ಬೇಡವಾದ ದಿನ ನೋಟಿಸೂ ಇಲ್ಲದೆ ಹೊರಗೆ ಹಾಕುವಂತಿದ್ದರೆ ಅದನ್ನು ವ್ಯಾಪಾರ ಎನ್ನುತ್ತಾರೆಯೆ? ಅದಕ್ಕೆ ನಮ್ಮ ಕಡೆ ಕೂಲಿ ಎಂದೇ ಹೆಸರು. ಎಷ್ಟು ಕೆಲಸಕ್ಕೆ ಅಷ್ಟು ಎನ್ನುವ ತುಂಡು ಕೂಲಿ.

ನಮ್ಮ ನೆಲಕ್ಕೆ ಇಂಥ ವ್ಯವಹಾರ ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತೆಗೆದರು. ಆ ವಿದ್ಯುತ್ತು ತಂತಿ ಹಿಡಿದು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಅಲ್ಲಿಂದ ಚಿನ್ನ ಇಂಗ್ಲೆಂಡಿನ ಕಂಪನಿಗೆ ಹೋಯಿತು. ಜಲಪಾತದ ಸುತ್ತಲಿನ ಹಳ್ಳಿಗಳಲ್ಲಿ ಬಹುಕಾಲ ಉರಿದದ್ದು ಎಣ್ಣೆ ದೀಪವೇ. ಇಂದು ತಂತಿಯ ಬದಲು ಮೊಬೈಲ್ ಗೋಪುರವಿದೆ. ನಮ್ಮ ಹುಡುಗರ ರಾತ್ರಿಗಳು, ಅವರ ಮಾತು, ಅವರ ಕನ್ನಡ, ಅವರ ನಗೆ ಆ ದಾರಿಯಲ್ಲಿ ಹೊರಗೆ ಹೋಗುತ್ತಿವೆ. ತಿರುಗಿ ಬರುವುದೆಷ್ಟು ಎಂದು ಕೇಳುವ ಹಕ್ಕು ನಮಗಿದೆ.

ಕೇಳಿದವರು ಬೇರೆ ಕಡೆ ಇದ್ದಾರೆ. 2021ರ ಸೆಪ್ಟೆಂಬರ್ 1ರಂದು, ದುರುದ್ದೇಶದ ಗುಂಪುಗಳು ಪ್ರಸಾರಗಳಿಗೆ ನುಗ್ಗಿ ಬೈಗುಳ ಸುರಿಸುವುದನ್ನು ಕಂಪನಿ ತಡೆಯುತ್ತಿಲ್ಲವೆಂದು ಟ್ವಿಚ್‌ನ ಅನೇಕ ಸ್ಟ್ರೀಮರ್‌ಗಳು ಒಂದು ದಿನ ಪ್ರಸಾರ ನಿಲ್ಲಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಒಂದು ದಿನದ ಮುಷ್ಕರ. ಅದೇ ತಿಂಗಳ ಕೊನೆಯಲ್ಲಿ ಕಂಪನಿ ಕೆಲವು ಹೊಸ ರಕ್ಷಣೆಗಳನ್ನು ತಂದಿತು. ಜರ್ಮನಿಯಲ್ಲಿ ನಡೆದದ್ದು ಇನ್ನೂ ಗಮನಾರ್ಹ. ಯೋರ್ಗ್ ಸ್ಪ್ರಾವೆ ಎಂಬ ಯೂಟ್ಯೂಬರ್ 2018ರಲ್ಲಿ ಯೂಟ್ಯೂಬರ್‌ಗಳ ಸಂಘವೊಂದನ್ನು ಕಟ್ಟಿದರು. 2019ರ ಜುಲೈನಲ್ಲಿ ಆ ಸಂಘದ ಜೊತೆ ಕೈಜೋಡಿಸಿದವರು ಯಾರು? ಐಜಿ ಮೆಟಾಲ್, ಅಂದರೆ ಉಕ್ಕು, ಮೋಟಾರು ಕಾರ್ಖಾನೆಗಳ ಕಾರ್ಮಿಕರ ಬೃಹತ್ ಸಂಘ. ಯಾವ ಲೆಕ್ಕದ ಮೇಲೆ ನಮ್ಮನ್ನು ತೂಗುತ್ತೀರಿ, ಯಾವ ಕಾರಣಕ್ಕೆ ತಿರಸ್ಕರಿಸುತ್ತೀರಿ, ಹೇಳಿ ಎಂಬುದೇ ಅವರ ಕೇಳಿಕೆ. ಸುತ್ತಿಗೆ ಹಿಡಿದವರಿಗೆ ಕ್ಯಾಮೆರಾ ಹಿಡಿದವನ ಕಷ್ಟ ಅರ್ಥವಾಗುವುದಾದರೆ, ಕಬ್ಬು ಅರೆಯುವವರಿಗೆ ಅರ್ಥವಾಗದೆ ಇರಲು ಕಾರಣವಿಲ್ಲ.

ನಮ್ಮಲ್ಲಿ ಕಾನೂನಿನ ಬುನಾದಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ತಂದಿರುವ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯು ಯಾವ ಯಾವ ಬಗೆಯ ಆನ್‌ಲೈನ್ ಕಂಪನಿಗಳು ಗಿಗ್ ಕಾರ್ಮಿಕರಿಗಾಗಿ ವಂತಿಗೆ ಕೊಡಬೇಕೆಂದು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಕ್ಯಾಬ್, ಊಟದ ಹಂಚಿಕೆ ಮುಂತಾದವುಗಳ ಜೊತೆಗೆ ಮಾಧ್ಯಮ ಸೇವೆಯ ಕಂಪನಿಗಳ ಹೆಸರೂ ಇದೆ. ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತನ್ನದೇ ಕಾಯ್ದೆ ಮಾಡಿ, ಕಲ್ಯಾಣ ಮಂಡಳಿಯನ್ನು ವಿಧಿಸಿ, ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಶುಲ್ಕ ವಸೂಲಿಗೆ ದಾರಿ ಮಾಡಿತು. ಬರಹದಲ್ಲಿ ಕಾರಣ ಹೇಳದೆ, 14 ದಿನದ ನೋಟಿಸು ಕೊಡದೆ ಕೆಲಸದಿಂದ ತೆಗೆಯಬಾರದೆಂದೂ ಅದು ಹೇಳುತ್ತದೆ. ಊಟ ಹೊತ್ತು ತರುವ ಹುಡುಗನಿಗೆ ಸಿಗುವ ಈ ರಕ್ಷಣೆ, ಆಟ ತೋರಿಸಿ ದುಡಿಯುವ ಹುಡುಗನಿಗೂ ಸ್ಪಷ್ಟ ಮಾತಿನಲ್ಲಿ ಸಿಗಬೇಕು.

ಆದುದರಿಂದ ನಮ್ಮ ಒತ್ತಾಯ ಇಷ್ಟು. ಒಂದು, ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಸ್ಟ್ರೀಮರ್‌ಗಳು ಹೆಸರು ನೋಂದಾಯಿಸಲು ಅವಕಾಶವಿರಬೇಕು. ಅವರ ಪಾಲಿನ ವಂತಿಗೆಯನ್ನು ಕಂಪನಿಗಳು ಕಟ್ಟಬೇಕು. ಎರಡು, ನೋಟದ ಎಣಿಕೆ, ಜಾಹೀರಾತಿನ ದರ, ಕಡಿತ ಇವುಗಳ ಲೆಕ್ಕದ ಚೀಟಿಯನ್ನು ಕನ್ನಡದಲ್ಲಿ ಕೊಡಬೇಕು. ಮೂರು, ಖಾತೆ ಮುಚ್ಚುವ ಮುನ್ನ ಕಾರಣ ತಿಳಿಸಿ, ಯಂತ್ರವಲ್ಲದ ಮನುಷ್ಯನೊಬ್ಬನ ಮುಂದೆ ಮನವಿಗೆ ಅವಕಾಶ ಕೊಡಬೇಕು. ಇದು ಆಗದ ಮಾತು ಎಂದು ಯಾರೂ ಹೇಳಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟಿಸುಗಳು ಬಂದದ್ದು ನಮ್ಮ ಓದುಗರಿಗೆ ಮರೆತಿಲ್ಲ. ಬೇಕರಿಯವನ ಬನ್ನಿನ ಲೆಕ್ಕವನ್ನು ಹುಡುಕಿ ತೆಗೆಯಬಲ್ಲ ಸರ್ಕಾರಕ್ಕೆ ಕೋಟಿಗಟ್ಟಲೆ ದುಡಿಯುವ ಕಂಪನಿಯ ಲೆಕ್ಕವನ್ನು ಕೇಳುವುದು ಅಸಾಧ್ಯವೆ?

ಕೊನೆಯದಾಗಿ ಮನೆಯವರಿಗೆ ಎರಡು ಮಾತು. ಹುಡುಗನನ್ನು ಸೋಮಾರಿ ಎಂದು ಜರೆಯಬೇಡಿ, ನಾಳೆಯೇ ಕೋಟ್ಯಧೀಶನಾಗುವನೆಂದೂ ನಂಬಬೇಡಿ. ಅವನ ಪಕ್ಕದಲ್ಲಿ ಕೂತು ಲೆಕ್ಕ ಕೇಳಿ: ತಿಂಗಳಿಗೆ ಎಷ್ಟು ಗಂಟೆ, ಎಷ್ಟು ಬಂತು, ಎಷ್ಟು ಖರ್ಚು. ಗಂಟೆಗೆ ಬಿದ್ದ ಕೂಲಿ ಎಷ್ಟೆಂದು ಅವನೇ ಬರೆದು ತೋರಿಸಲಿ. ಓದು ಬಿಡಿಸಬೇಡಿ, ಕಂತಿನ ಸಾಲ ಮಾಡಿ ದುಬಾರಿ ಫೋನು ಕೊಡಿಸಬೇಡಿ. ಹದಿನಾರು ತುಂಬದ ಮಕ್ಕಳು ಒಬ್ಬರೇ ನೇರಪ್ರಸಾರ ಮಾಡುವಂತಿಲ್ಲವೆಂದು ಯೂಟ್ಯೂಬ್ ಕಂಪನಿಯೇ 2025ರ ಜುಲೈಯಿಂದ ನಿಯಮ ಮಾಡಿದೆ. ಅದನ್ನು ಮನೆಯಲ್ಲಿಯೂ ಪಾಲಿಸಿ. ಜೂಜಿನ ಜಾಹೀರಾತಿಗೆ ಯಾರು ಹಣ ತಂದರೂ ಮುಟ್ಟಬಾರದೆಂದು ಹೇಳಿ. ಹೆಣ್ಣುಮಗಳು ಈ ಕೆಲಸಕ್ಕೆ ಇಳಿದರೆ, ಅವಳಿಗೆ ಬರುವ ಹೊಲಸು ಮಾತಿಗೆ ಅವಳನ್ನೇ ಗದರಿಸಿ ಫೋನು ಕಿತ್ತುಕೊಳ್ಳಬೇಡಿ, ತಪ್ಪು ಬರೆದವನದು.

ಬಾಗಿಲ ಬಳಿ ನಿಂತು ಕೇಳಿದ ಆ ಕಾರ್ಮಿಕರಿಗೆ ಅಂದು ನಾವು ಹೇಳಿದ ಉತ್ತರವನ್ನೇ ಇಲ್ಲಿ ಬರೆಯುತ್ತೇವೆ: "ಕೂಲಿ ಕೊಡ್ತಾರೆ, ಅಣ್ಣಾ. ಆದರೆ ಎಷ್ಟು ಕೊಡಬೇಕು ಅನ್ನೋದನ್ನ ಕೊಡೋರೇ ತೀರ್ಮಾನ ಮಾಡ್ತಾವ್ರೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಮ್ಮ ಕಥೆನೇ ಅವನದೂ" ಎಂದರು. ಮುಂದಿನ ಭಾನುವಾರ ಸಂಘದ ಸಭೆಗೆ ಬರುವಾಗ ಮಗನನ್ನೂ ಕರೆತರಲು ಹೇಳಿದ್ದೇವೆ. ಇಂಥ ಹುಡುಗರಿರುವ ಇತರ ಮನೆಯವರೂ ಕರೆತರಲಿ. ಅವರಿಗೆ ಆಟ ಗೊತ್ತು, ನಮಗೆ ಸಂಘ ಕಟ್ಟುವುದು ಗೊತ್ತು. ಮೊದಲು ಒಟ್ಟಿಗೆ ಕೂತು ಲೆಕ್ಕ ನೋಡೋಣ.